ಖಾಸಗಿ ಜಾಗದಲ್ಲಿ ಗುಳ್ಳೆ: ಯಾವುದನ್ನು ಹಾಗೇ ಬಿಡಬಹುದು, ಯಾವುದಕ್ಕೆ ಡಾಕ್ಟರ್ ಬೇಕು?

ಸುರತ್ಕಲ್_27
ಯಾರ ಹತ್ತಿರವೂ ಕೇಳಲು ಆಗದೆ ಇಲ್ಲಿ ಬರೆಯುತ್ತಿದ್ದೇನೆ. ನನಗೆ 27 ವರ್ಷ, ಬೈಕಂಪಾಡಿ ಕಡೆ ಕೆಲಸ. ಶಿಶ್ನದ ತುದಿಯ ಅಂಚಿನ ಸುತ್ತ ಸಣ್ಣ ಸಣ್ಣ ಗುಳ್ಳೆಗಳು ಸಾಲಾಗಿ ಇವೆ. ನೋವಿಲ್ಲ, ತುರಿಕೆ ಇಲ್ಲ. ಅದರ ಕೆಳಗೆ ಚರ್ಮ ಎಳೆದು ನೋಡಿದರೆ ಹಳದಿ ಮಿಶ್ರಿತ ಬಿಳಿ ಚುಕ್ಕೆಗಳೂ ಕಾಣುತ್ತವೆ. ಮೊಬೈಲ್‌ನಲ್ಲಿ ಹುಡುಕಿದರೆ ಒಂದು ಫೋಟೋ ನೋಡಿ ಇದು ನರುಲಿಯೇ ಅನ್ನಿಸುತ್ತದೆ, ಮುಂದಿನದು ನೋಡಿದರೆ ಅಲ್ಲ ಅನ್ನಿಸುತ್ತದೆ. ಹಿಂದೆ ಒಂದು ಸಂಬಂಧ ಇತ್ತು. ಈಗ ಮನೆಯಲ್ಲಿ ಹುಡುಗಿ ನೋಡುತ್ತಿದ್ದಾರೆ. ರಾತ್ರಿ ನಿದ್ದೆ ಬರುತ್ತಿಲ್ಲ. ಇವನ್ನು ಗುರುತಿಸುವುದು ಹೇಗೆ? ಇಲ್ಲಿ ಫೋಟೋ ಹಾಕಬಹುದಾ?

ನಿರ್ವಾಹಕಿ
ದಯವಿಟ್ಟು ಫೋಟೋ ಬೇಡ. ಒಮ್ಮೆ ಹಾಕಿದ ಮೇಲೆ ಅದು ಎಲ್ಲಿಗೆ ಹೋಗುತ್ತದೆ ಎಂದು ಯಾರ ಕೈಯಲ್ಲೂ ಇರುವುದಿಲ್ಲ. ಬರೆದೇ ಹೇಳಿ: ಎಲ್ಲಿ ಇದೆ, ಯಾವಾಗಿನಿಂದ ಇದೆ, ಜಾಸ್ತಿ ಆಗಿದೆಯಾ, ನೋವು ಅಥವಾ ತುರಿಕೆ ಇದೆಯಾ, ಒಡೆದು ನೀರು ಬಂದಿದೆಯಾ. ಕೇಳಿದವರನ್ನು ಹಂಗಿಸುವ ಮಾತು ಯಾರೇ ಬರೆದರೂ ತೆಗೆದು ಹಾಕುತ್ತೇನೆ.

ಕದ್ರಿಗುಡ್ಡೆ
ಸುರತ್ಕಲ್ ಅವರೇ, ನೀವು ಹೇಳಿದ ಹಾಗೆಯೇ ಸಾಲಾಗಿ ನನಗೂ ಇದೆ, ಕಾಲೇಜು ದಿನಗಳಿಂದ. ಡಾಕ್ಟರ್ ನೋಡಿ ರೋಗವೇ ಅಲ್ಲ ಎಂದರು. ಮದುವೆಯಾಗಿ ಇಬ್ಬರು ಮಕ್ಕಳು. ಒಂದು ಮಾತ್ರ, ಉಗುರಲ್ಲಿ ಚಿವುಟುವುದು, ಸೋಪು ಹಾಕಿ ತಿಕ್ಕುವುದು ಮಾಡಬೇಡಿ.

ಚರ್ಮವೈದ್ಯೆ_ಉಡುಪಿ
ನಾನು ಚರ್ಮ ಮತ್ತು ಲೈಂಗಿಕ ರೋಗಗಳ ವೈದ್ಯೆ. ನೋಡದೆ ರೋಗ ಹೆಸರಿಸುವುದಿಲ್ಲ. ಆದರೆ ಈ ಪ್ರಶ್ನೆ ಹಿಡಿದುಕೊಂಡು ಬರುವವರಲ್ಲಿ ತುಂಬಾ ಜನರಿಗೆ ರೋಗವೇ ಇರುವುದಿಲ್ಲ, ಹೆದರಿಕೆ ಮಾತ್ರ ಇರುತ್ತದೆ. ಹಾಗಾಗಿ ಸ್ವಲ್ಪ ಉದ್ದಕ್ಕೆ ಬರೆಯುತ್ತೇನೆ.

ಫೋಟೋಗೆ ಫೋಟೋ ಹೋಲಿಸಿದರೆ ಯಾವತ್ತೂ ತೀರ್ಮಾನಕ್ಕೆ ಬರಲು ಆಗುವುದಿಲ್ಲ. ಎರಡು ಮಿಲಿಮೀಟರ್ ಗುಳ್ಳೆಗಳೆಲ್ಲ ಫೋಟೋದಲ್ಲಿ ಒಂದೇ ತರ ಕಾಣುತ್ತವೆ. ನಾವು ಮೊದಲು ಕೇಳುವುದು ಅದರ ನಡತೆ. ಯಾವಾಗ ಬಂತು, ಬಂದ ಮೇಲೆ ಬದಲಾಯಿತಾ, ಹರಡಿತಾ, ಒಡೆಯಿತಾ, ತಾನಾಗಿ ಹೋಯಿತಾ. ವರ್ಷಗಟ್ಟಲೆ ಒಂದೇ ರೀತಿ, ಒಂದೇ ಸಂಖ್ಯೆಯಲ್ಲಿ ಕೂತಿರುವ ಗುಳ್ಳೆ ಸಾಮಾನ್ಯವಾಗಿ ದೇಹದ ಭಾಗವೇ. ಮೊನ್ನೆ ಒಂದು, ಇವತ್ತು ನಾಲ್ಕು ಅಂತಾದರೆ ಅದಕ್ಕೆ ಕಾರಣ ಹುಡುಕಲೇಬೇಕು.

ಶಿಶ್ನದ ತುದಿಯ ಅಂಚಿಗೆ ಸುತ್ತಲೂ ಒಂದೋ ಎರಡೋ ಸಾಲಿನಲ್ಲಿ, ಹೆಚ್ಚುಕಡಿಮೆ ಒಂದೇ ಅಳತೆಯಲ್ಲಿ, ನುಣುಪಾಗಿ, ಚರ್ಮದ ಬಣ್ಣದಲ್ಲೇ ಇದ್ದರೆ ಅವು ಪರ್ಲಿ ಪಿನೈಲ್ ಪ್ಯಾಪ್ಯೂಲ್. ಹರೆಯದ ನಂತರ ಕಾಣಿಸಿಕೊಳ್ಳುತ್ತವೆ, ವಯಸ್ಸಾದಂತೆ ಕೆಲವರಲ್ಲಿ ಮಂಕಾಗುತ್ತವೆ. ಲೈಂಗಿಕ ಸಂಪರ್ಕಕ್ಕೂ ಇದಕ್ಕೂ ಸಂಬಂಧವಿಲ್ಲ. ಹರಡುವುದಿಲ್ಲ, ಮದ್ದೂ ಬೇಡ.

ಚರ್ಮ ಎಳೆದಾಗ ಎದ್ದು ಕಾಣುವ ಹಳದಿ ಬಿಳಿ ಚುಕ್ಕೆಗಳು ಬೇರೆ. ಅವು ಫೋರ್ಡೈಸ್ ಚುಕ್ಕೆಗಳು. ಎಣ್ಣೆ ಸ್ರವಿಸುವ ಗ್ರಂಥಿಗಳು ಕೂದಲಿಲ್ಲದ ಜಾಗದಲ್ಲಿ ಇದ್ದರೆ ಹಾಗೆ ಕಾಣುತ್ತವೆ. 1896ರಲ್ಲಿ ಜಾನ್ ಫೋರ್ಡೈಸ್ ಎಂಬ ಅಮೆರಿಕದ ಚರ್ಮವೈದ್ಯರು ಇವನ್ನು ವಿವರಿಸಿದ್ದರಿಂದ ಆ ಹೆಸರು. ಕನ್ನಡಿಯಲ್ಲಿ ಮೇಲ್ತುಟಿಯ ಅಂಚನ್ನು ಎಳೆದು ನೋಡಿಕೊಳ್ಳಿ, ಅಲ್ಲೂ ಇರಬಹುದು. ಹೆಂಗಸರ ಯೋನಿ ತುಟಿಗಳಲ್ಲೂ ಇರುತ್ತವೆ.

ಇನ್ನು ನರುಲಿ. ಇದು ಎಚ್‌ಪಿವಿ ವೈರಸ್‌ನಿಂದ ಬರುತ್ತದೆ, ಜನನಾಂಗದ ನರುಲಿಗಳಲ್ಲಿ ಸುಮಾರು 90 ಶೇಕಡಾ ಆ ವೈರಸ್‌ನ 6 ಮತ್ತು 11ನೇ ತಳಿಗಳಿಂದ. ಸಂಪರ್ಕದ ನಂತರ ವಾರಗಳೋ ತಿಂಗಳುಗಳೋ ಕಳೆದು ಕಾಣಿಸಿಕೊಳ್ಳುತ್ತದೆ. ಇದಕ್ಕೆ ಸಾಲು, ಲೆಕ್ಕ ಅಂತ ಇಲ್ಲ. ಎಲ್ಲೆಂದರಲ್ಲಿ ಬರುತ್ತದೆ, ಒಂದು ದೊಡ್ಡದು, ಪಕ್ಕದಲ್ಲಿ ಸಣ್ಣದು. ಮೇಲ್ಮೈ ಒರಟು. ಬೆಳೆದರೆ ಹೂಕೋಸಿನ ತುಂಡಿನ ಹಾಗೆ ಆಗುತ್ತದೆ, ಹಲವು ತುದಿಗಳು ಬುಡದಲ್ಲಿ ಒಂದಾಗಿರುತ್ತವೆ. ಶುರುವಿನಲ್ಲಿ ಚಪ್ಪಟೆಯಾಗಿ ಇದ್ದರೆ ಮಾತ್ರ ನಮಗೂ ಕಷ್ಟ. ಆಗ ಡರ್ಮೋಸ್ಕೋಪ್ ಎಂಬ ದೀಪವಿರುವ ಮಸೂರ ಇಟ್ಟು ನೋಡುತ್ತೇವೆ, ಅನುಮಾನ ಉಳಿದರೆ ಚೂರು ತೆಗೆದು ಪರೀಕ್ಷೆಗೆ ಕಳಿಸುತ್ತೇವೆ.

ಮೊಲಸ್ಕಮ್ ಎಂಬುದು ಇನ್ನೊಂದು. ಗುಮ್ಮಟದ ಆಕಾರ, ಹೊಳಪು, ನಡುವಿನಲ್ಲಿ ಒಂದು ಸಣ್ಣ ಕುಳಿ. ಆ ಕುಳಿ ಕಂಡರೆ ಅರ್ಧ ಕೆಲಸ ಮುಗಿಯಿತು. ಮೈಗೆ ಮೈ ತಾಗುವುದರಿಂದ, ಒಂದೇ ಬೈರಾಸಿನಿಂದ, ರೇಜರ್‌ನಿಂದ ಹರಡುತ್ತದೆ. ಮಕ್ಕಳ ಮುಖದಲ್ಲಿ, ಹೊಟ್ಟೆಯಲ್ಲಿ ಬರುವುದೂ ಇದೇ. ಒಳ್ಳೆ ಆರೋಗ್ಯ ಇದ್ದವರಲ್ಲಿ ತಿಂಗಳುಗಳಲ್ಲಿ ತಾನಾಗಿ ಹೋಗುತ್ತದೆ. ದೊಡ್ಡವರಿಗೆ ಮುಖದ ತುಂಬಾ ಬಂದರೆ ಎಚ್‌ಐವಿ ಪರೀಕ್ಷೆ ಮಾಡಿಸುತ್ತೇವೆ.

ಹರ್ಪಿಸ್ ಗುಳ್ಳೆಗೆ ಗುಳ್ಳೆ ಎನ್ನುವುದಕ್ಕಿಂತ ಬೊಕ್ಕೆ ಎನ್ನಬೇಕು. ಮೊದಲು ಉರಿ, ಜುಮುಜುಮು. ಆಮೇಲೆ ಗೊಂಚಲಾಗಿ ನೀರು ತುಂಬಿದ ಬೊಕ್ಕೆ. ಒಡೆದು ಹುಣ್ಣಾಗುತ್ತದೆ, ಮೂತ್ರ ತಾಗಿದರೆ ಕಣ್ಣಲ್ಲಿ ನೀರು ಬರುವಷ್ಟು ಉರಿ. ಒಣಗಿ ಹೋಗಿ, ತಿಂಗಳುಗಳ ನಂತರ ಅದೇ ಜಾಗದಲ್ಲಿ ಮತ್ತೆ ಬರಬಹುದು. ಅಸೈಕ್ಲೋವಿರ್ ಮಾತ್ರೆಯಿಂದ ಬೇಗ ಕಡಿಮೆಯಾಗುತ್ತದೆ, ವೈರಸ್ ಮಾತ್ರ ನರದ ಬುಡದಲ್ಲಿ ಉಳಿಯುತ್ತದೆ.

ನೀರುಳ್ಳಿ_ಬಜೆ
ಶೇವ್ ಮಾಡಿದ ಮೇಲೆ ಬರುವ ಕೆಂಪು ಗುಳ್ಳೆ?

ಚರ್ಮವೈದ್ಯೆ_ಉಡುಪಿ
ನಡುವಿನಲ್ಲಿ ಕೂದಲು ಇದೆಯಾ ನೋಡಿ. ಇದ್ದರೆ ಕೂದಲಿನ ಬುಡದ ಸೋಂಕು ಅಥವಾ ಒಳಕ್ಕೆ ಮಡಚಿ ಬೆಳೆದ ಕೂದಲು. ಮುಟ್ಟಿದರೆ ನೋವು, ಕೆಲವಕ್ಕೆ ಕೀವಿನ ತಲೆ. ನಮ್ಮ ಸೆಕೆಯಲ್ಲಿ, ಬಿಗಿ ಜೀನ್ಸ್ ಒಳಗೆ ಇದು ತುಂಬಾ ಸಾಮಾನ್ಯ. ಬ್ಲೇಡ್ ಬಿಟ್ಟು ಟ್ರಿಮ್ಮರ್ ಬಳಸಿ. ಹಿಚುಕಬೇಡಿ. ಗಡ್ಡೆಯಾಗಿ ಜ್ವರ ಬಂದರೆ ಮಾತ್ರ ತಡ ಮಾಡಬೇಡಿ.

ಮಲ್ಪೆ_ಬೋಟ್
ಇದನ್ನು ಓದಿ ಧೈರ್ಯ ಬಂತು, ನಾನೂ ಹೇಳುತ್ತೇನೆ. ಆಳಸಮುದ್ರದ ಬೋಟಿನಲ್ಲಿ ಕೆಲಸ. ಹೋದರೆ ವಾರ, ಹತ್ತು ದಿನ ಕಡಲಲ್ಲೇ. ಕ್ಯಾಬಿನ್‌ನಲ್ಲಿ ಎಲ್ಲರೂ ಒತ್ತಾಗಿ ಮಲಗುವುದು, ಒಬ್ಬರ ಹೊದಿಕೆ ಇನ್ನೊಬ್ಬರಿಗೆ. ಬೀಜದ ಚೀಲದ ಮೇಲೆ ಗಟ್ಟಿ ಗಂಟು ಗಂಟು ಬಂದಿದೆ, ರಾತ್ರಿ ತುರಿಸಿ ತುರಿಸಿ ರಕ್ತ ಬರುತ್ತದೆ. ಕೆಟ್ಟ ರೋಗ ಅಂತ ಹೆದರಿ ಯಾರಿಗೂ ಹೇಳಿರಲಿಲ್ಲ. ಹೆಂಡತಿಗೂ ಈಗ ಕೈ ಬೆರಳ ಸಂದಿಯಲ್ಲಿ ತುರಿಕೆ ಶುರುವಾಗಿದೆ. ಅವಳು ಬೇರೆಯೇ ಅನುಮಾನ ಪಡುತ್ತಿದ್ದಾಳೆ.

ಚರ್ಮವೈದ್ಯೆ_ಉಡುಪಿ
ನೀವು ಹೇಳಿದ್ದರಲ್ಲಿ ಮೂರು ವಿಷಯ ಮುಖ್ಯ: ರಾತ್ರಿ ಜಾಸ್ತಿ ಆಗುವ ತುರಿಕೆ, ಬೆರಳ ಸಂದಿ, ಜೊತೆಯಲ್ಲಿ ಮಲಗುವವರಿಗೂ ಬಂದದ್ದು. ಇದು ಕಜ್ಜಿ ಇರುವ ಸಾಧ್ಯತೆ ತುಂಬಾ ಹೆಚ್ಚು. ಕಣ್ಣಿಗೆ ಕಾಣದಷ್ಟು ಸಣ್ಣ ಹುಳ ಚರ್ಮದೊಳಗೆ ಬಿಲ ಕೊರೆಯುತ್ತದೆ. ಗಂಡಸರಲ್ಲಿ ಬೀಜದ ಚೀಲ ಮತ್ತು ಶಿಶ್ನದ ಮೇಲೆ ಗಂಟು ಕಟ್ಟುವುದು ಇದರದ್ದೇ ಗುರುತು. ಇದು ಬರಲು ಲೈಂಗಿಕ ಸಂಪರ್ಕವೇ ಆಗಬೇಕಿಲ್ಲ, ಒತ್ತಾಗಿ ಮಲಗಿದರೆ ಸಾಕು. ಈ ಸಾಲನ್ನು ನಿಮ್ಮ ಹೆಂಡತಿಗೆ ಓದಿ ಹೇಳಿ.

ಡಾಕ್ಟರಿಗೆ ತೋರಿಸಿ ಖಚಿತ ಮಾಡಿಕೊಳ್ಳಿ. ಸಾಮಾನ್ಯವಾಗಿ 5 ಶೇಕಡಾ ಪರ್ಮೆಥ್ರಿನ್ ಕ್ರೀಮ್ ಬರೆಯುತ್ತಾರೆ. ಕುತ್ತಿಗೆಯಿಂದ ಪಾದದವರೆಗೆ, ಉಗುರಿನ ಅಡಿ, ಹೊಕ್ಕುಳು, ತೊಡೆಸಂದು ಯಾವುದನ್ನೂ ಬಿಡದೆ ರಾತ್ರಿ ಹಚ್ಚಿ ಬೆಳಿಗ್ಗೆ ಸ್ನಾನ. ವಾರದ ನಂತರ ಇನ್ನೊಮ್ಮೆ. ಜನ ತಪ್ಪುವುದು ಒಂದೇ ಕಡೆ, ತುರಿಕೆ ಇದ್ದವರು ಮಾತ್ರ ಹಚ್ಚುತ್ತಾರೆ. ಮನೆಯವರೆಲ್ಲ ಒಂದೇ ರಾತ್ರಿ ಹಚ್ಚಬೇಕು. ಬಟ್ಟೆ, ಹೊದಿಕೆ ಬಿಸಿನೀರಲ್ಲಿ ಒಗೆದು ಬಿಸಿಲಿಗೆ ಹಾಕಿ. ಮಳೆಗಾಲದಲ್ಲಿ ಬಿಸಿಲು ಇಲ್ಲದಿದ್ದರೆ ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿ ನಾಲ್ಕೈದು ದಿನ ಇಡಿ, ಮೈ ಸಿಗದೆ ಹುಳ ಸಾಯುತ್ತದೆ. ಹುಳ ಸತ್ತ ಮೇಲೂ ಆ ಗಂಟುಗಳು ಕೆಲವು ವಾರ ಇರುತ್ತವೆ, ತುರಿಸುತ್ತವೆ. ಮದ್ದು ನಾಟಲಿಲ್ಲ ಎಂದು ದಿನಾ ಕ್ರೀಮ್ ಹಚ್ಚಬೇಡಿ.

ಮಲ್ಪೆ_ಬೋಟ್
ಬೋಟಿನವರಿಗೂ ಹೇಳಬೇಕಾಗುತ್ತದೆ ಹಾಗಾದರೆ.

ಚರ್ಮವೈದ್ಯೆ_ಉಡುಪಿ
ಹೇಳಲೇಬೇಕು. ಇಲ್ಲದಿದ್ದರೆ ಮುಂದಿನ ಸಲ ಕಡಲಿಗೆ ಹೋದಾಗ ಮತ್ತೆ ಹಿಡಿಯುತ್ತದೆ. ಕೈ ಬೆರಳಿನ ಕಜ್ಜಿ ಎಂದಷ್ಟೇ ಹೇಳಿ, ಸಾಕು. ಜೂನ್, ಜುಲೈ ಬೋಟ್ ಬಂದ್ ಇರುವಾಗ ಎಲ್ಲರೂ ಒಟ್ಟಿಗೆ ಮದ್ದು ಮಾಡಿಕೊಂಡರೆ ಇನ್ನೂ ಒಳ್ಳೆಯದು. ಆದರೆ ಅಲ್ಲಿಯವರೆಗೆ ಕಾಯಬೇಡಿ.

ಮದ್ದಿನಂಗಡಿ_ಕಲ್ಸಂಕ
ನಾನು ಫಾರ್ಮಸಿಸ್ಟ್. ದಿನಾ ನೋಡುವ ವಿಷಯ ಹೇಳುತ್ತೇನೆ. ಜನ ಕೌಂಟರಿಗೆ ಬಂದು ಆಚೀಚೆ ನೋಡಿ, ಮೆಲ್ಲಗೆ ತುರಿಕೆಗೆ ಒಂದು ಟ್ಯೂಬ್ ಕೊಡಿ ಎನ್ನುತ್ತಾರೆ. ಎಲ್ಲಿ ಎಂದು ಕೇಳಿದರೆ ಉತ್ತರ ಇಲ್ಲ. ಅವರಿಗೆ ಬೇಕಾಗುವುದು ಬೇಗ ತಂಪಾಗುವ ಕ್ರೀಮ್, ಅಂದರೆ ಕ್ಲೋಬೆಟಸಾಲ್, ಬೆಟಾಮೆಥಾಸೋನ್‌ನಂಥ ಸ್ಟೆರಾಯ್ಡ್ ಇರುವಂಥದ್ದು. ಹಚ್ಚಿದ ಎರಡು ದಿನ ಸುಖ. ಹುಳುಕಡ್ಡಿ ಇದ್ದರೆ ಅಂಚು ಮಾಯವಾಗಿ ಒಳಗೊಳಗೇ ಹರಡುತ್ತದೆ, ಆಮೇಲೆ ಡಾಕ್ಟರಿಗೂ ಗುರುತು ಸಿಗುವುದಿಲ್ಲ. ತೊಡೆಸಂದಿನ ಚರ್ಮ ತೆಳು ಬೇರೆ, ಸುಕ್ಕುಗಟ್ಟಿ ಪಟ್ಟೆ ಬಿದ್ದರೆ ಆ ಪಟ್ಟೆ ಮತ್ತೆ ಹೋಗುವುದಿಲ್ಲ. 2018ರಲ್ಲಿ ಸರ್ಕಾರ ಹಚ್ಚುವ ಸ್ಟೆರಾಯ್ಡ್‌ಗಳನ್ನು ಶೆಡ್ಯೂಲ್ ಎಚ್‌ಗೆ ಸೇರಿಸಿತು, ಚೀಟಿ ಇಲ್ಲದೆ ಕೊಡುವ ಹಾಗಿಲ್ಲ. ಕೊಡಲಿಲ್ಲ ಎಂದು ನಮ್ಮ ಮೇಲೆ ಸಿಟ್ಟು ಮಾಡಬೇಡಿ.

ಕಾರ್ಕಳದ_ಅಣ್ಣ
ನಮ್ಮ ಕಡೆ ಕೈಕಾಲಿನ ನರುಲಿಗೆ ಗೇರು ಬೀಜದ ಸಿಪ್ಪೆಯ ಎಣ್ಣೆ ಮುಟ್ಟಿಸುತ್ತಾರೆ, ಸುಣ್ಣ ಹಚ್ಚುತ್ತಾರೆ. ಅಲ್ಲಿಗೂ ಅದನ್ನೇ ಮಾಡಬಹುದಾ? ಇನ್ನೊಂದು, ವಿನೆಗರ್ ಹಚ್ಚಿ ಬೆಳ್ಳಗಾದರೆ ನರುಲಿ ಎಂದು ವಿಡಿಯೋ ನೋಡಿದೆ.

ಚರ್ಮವೈದ್ಯೆ_ಉಡುಪಿ
ಖಂಡಿತ ಬೇಡ. ಗೇರು ಎಣ್ಣೆ ಚರ್ಮವನ್ನು ಸುಡುತ್ತದೆ. ಗೇರು ಬೀಜ ಸುಲಿಯುವವರ ಕೈ ನೋಡಿದ್ದೀರಲ್ಲ? ಅಂಗೈಯ ದಪ್ಪ ಚರ್ಮಕ್ಕೇ ಹಾಗಾದರೆ ಅಲ್ಲಿನ ತೆಳು ಚರ್ಮದ ಗತಿ ಏನು? ಅಂಥ ಸುಟ್ಟ ಗಾಯಕ್ಕೆ ಮದ್ದು ಮಾಡುವಾಗ ಒಳಗೆ ಮೊದಲು ಏನಿತ್ತು ಎಂದು ಹೇಳಲೂ ಆಗುವುದಿಲ್ಲ. ಕೂದಲು ಕಟ್ಟಿ ಬಿಗಿಯುವುದು, ಬ್ಲೇಡಿನಲ್ಲಿ ಕೊಯ್ಯುವುದು ಅದೂ ಬೇಡ. ವಿನೆಗರ್ ಪರೀಕ್ಷೆ ನಂಬುವ ಹಾಗಿಲ್ಲ. ತಿಕ್ಕಿದ ಚರ್ಮ, ಫಂಗಸ್ ಬಂದ ಚರ್ಮ ಎಲ್ಲವೂ ಬೆಳ್ಳಗಾಗುತ್ತವೆ.

ನರುಲಿಗೆ ದಾರಿ ಬೇಕಾದಷ್ಟು ಇವೆ. ದ್ರವ ಸಾರಜನಕದಿಂದ ಹೆಪ್ಪುಗಟ್ಟಿಸುವುದು, ಕರೆಂಟಿನಿಂದ ಸುಡುವುದು, ವೈದ್ಯರು ಹಚ್ಚುವ ಪೊಡೊಫಿಲಿನ್, ಮನೆಯಲ್ಲೇ ಹಚ್ಚುವ ಇಮಿಕ್ವಿಮೋಡ್. ಬಸುರಿಯಾಗಿದ್ದರೆ ಪೊಡೊಫಿಲಿನ್ ಕೂಡದು, ಮೊದಲೇ ಹೇಳಿ. ತೆಗೆದ ಮೇಲೆ ಕೆಲವು ತಿಂಗಳೊಳಗೆ ಮತ್ತೆ ಬರುವುದು ಉಂಟು, ಅದಕ್ಕೆ ಕುಗ್ಗಬೇಡಿ.

ಪೊಳಲಿ_ದಾರಿ
ನಮ್ಮಲ್ಲಿ ಮೈಮೇಲೆ ಎಂತ ಬಂದರೂ ನಾಗದೋಷ ಎನ್ನುತ್ತಾರೆ. ನನ್ನ ಅತ್ತೆಯವರೂ ಹಾಗೇ ಹೇಳಿ ತಿಂಗಳುಗಟ್ಟಲೆ ಮದ್ದು ತಪ್ಪಿಸಿದರು. ನಂಬಿಕೆ ನನಗೂ ಇದೆ. ಹರಕೆ ಹೇಳಿಕೊಂಡೇ ಡಾಕ್ಟರ್ ಹತ್ತಿರ ಹೋದೆ. ಎರಡನ್ನೂ ಮಾಡಬಹುದು ಎಂದು ಹಿರಿಯರಿಗೆ ಹೇಳಿದರೆ ಒಪ್ಪುತ್ತಾರೆ.

ಅನಾಮಿಕೆ_ಬಿಜೈ
ಹೆಂಗಸರ ಬಗ್ಗೆ ಯಾರೂ ಬರೆಯುವುದಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ. ಯೋನಿಯ ಬಾಯಿಯ ಹತ್ತಿರ, ಒಳತುಟಿಯ ಒಳಬದಿಯಲ್ಲಿ ಮೆತ್ತಗಿನ ಗುಲಾಬಿ ಬಣ್ಣದ ಗುಳ್ಳೆಗಳು ಇದ್ದವು. ಒಂದು ಕ್ಲಿನಿಕ್‌ನಲ್ಲಿ ಅರ್ಧ ನಿಮಿಷ ನೋಡಿ ನರುಲಿ ಎಂದರು, ಗಂಡನ ಬಗ್ಗೆ ಕೇಳಬಾರದ ಪ್ರಶ್ನೆ ಕೇಳಿದರು, ಸುಟ್ಟರು. ಮನೆಯಲ್ಲಿ ಆದ ಜಗಳ ಹೇಳಿ ಸುಖವಿಲ್ಲ. ಆಮೇಲೆ ಬೇರೆ ಸ್ತ್ರೀರೋಗ ತಜ್ಞೆ ಉಳಿದವನ್ನು ನೋಡಿ ಇದು ಹುಟ್ಟು ಸ್ವಭಾವ, ರೋಗ ಅಲ್ಲ ಎಂದರು. ಯಾವುದನ್ನು ನಂಬಲಿ?

ಚರ್ಮವೈದ್ಯೆ_ಉಡುಪಿ
ನಿಮಗೆ ಆದದ್ದು ಕೇಳಿ ಸಂಕಟವಾಯಿತು. ನೀವು ವಿವರಿಸಿದ್ದು ವೆಸ್ಟಿಬ್ಯುಲರ್ ಪ್ಯಾಪಿಲೊಮಾಟೋಸಿಸ್ ಎಂಬ ಸಹಜ ರಚನೆಗೆ ಸರಿಹೊಂದುತ್ತದೆ. ಗಂಡಸರಿಗೆ ಅಂಚಿನ ಸಾಲು ಇರುವ ಹಾಗೆ ಕೆಲವು ಹೆಂಗಸರಿಗೆ ಇದು. ಎಡ ಬಲ ಎರಡೂ ಕಡೆ ಸಮವಾಗಿರುತ್ತದೆ, ಮೃದುವಾಗಿರುತ್ತದೆ, ಪ್ರತಿಯೊಂದಕ್ಕೂ ಬೇರೆ ಬೇರೆ ಬುಡ ಇರುತ್ತದೆ. ನರುಲಿಯಾದರೆ ಗಟ್ಟಿ, ಒಂದು ಬದಿ ಹೆಚ್ಚು ಒಂದು ಬದಿ ಕಡಿಮೆ, ಬುಡ ಸೇರಿಕೊಂಡಿರುತ್ತದೆ. ಬುಡ ನೋಡಿದ ಎರಡನೇ ವೈದ್ಯೆಯ ಮಾತಿಗೆ ತೂಕ ಜಾಸ್ತಿ.

ಇನ್ನೊಂದು ಮಾತು ಎಲ್ಲರಿಗೂ. ನರುಲಿ ಇದೆ ಎಂದೇ ಇಟ್ಟುಕೊಳ್ಳಿ. ವೈರಸ್ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ಸುಮ್ಮನೆ ಒಳಗಿರಬಹುದು. ಹಾಗಾಗಿ ನರುಲಿ ಕಂಡ ದಿನದಿಂದ ಲೆಕ್ಕ ಹಾಕಿ ಗಂಡ ಅಥವಾ ಹೆಂಡತಿ ಮೋಸ ಮಾಡಿದ್ದಾರೆ ಎಂದು ಯಾರೂ ತೀರ್ಮಾನಿಸಲು ಆಗುವುದಿಲ್ಲ.

ಅನಾಮಿಕೆ_ಬಿಜೈ
ಇದನ್ನು ಮನೆಯಲ್ಲಿ ತೋರಿಸುತ್ತೇನೆ.

ಸುರತ್ಕಲ್_27
ನಾನು ಹೋಗಿ ಬಂದೆ. ಚರ್ಮ ವಿಭಾಗದ ಸಾಲಿನಲ್ಲಿ ಕೂತಾಗ ಎದೆ ಹೊಡೆದುಕೊಳ್ಳುತ್ತಿತ್ತು. ಆದರೆ ಅಕ್ಕಪಕ್ಕ ಕೂತವರಿಗೆ ಹುಳುಕಡ್ಡಿ, ಮೊಡವೆ, ಕಾಲಿನ ಆಣಿ. ಯಾರು ಯಾವುದಕ್ಕೆ ಬಂದಿದ್ದಾರೆ ಎಂದು ಯಾರಿಗೂ ಗೊತ್ತಾಗುವುದಿಲ್ಲ. ಒಳಗೆ ಪರದೆ ಹಾಕಿ, ಕೈಯಲ್ಲಿ ಹಿಡಿಯುವ ದೀಪವಿರುವ ಮಸೂರ ಇಟ್ಟು ನೋಡಿದರು. ಎರಡೂ ಸಹಜ ಎಂದರು. ಹಿಂದಿನ ಸಂಬಂಧದ ವಿಷಯ ನಾನೇ ಹೇಳಿದೆ. ಹಾಗಾದರೆ ರಕ್ತಪರೀಕ್ಷೆ ಮಾಡಿಸಿಬಿಡಿ, ಗುಳ್ಳೆಗೂ ಅದಕ್ಕೂ ಸಂಬಂಧ ಇಲ್ಲದಿದ್ದರೂ ಮದುವೆಗೆ ಮೊದಲು ಗೊತ್ತಿರಲಿ ಎಂದರು. ಕೊಟ್ಟು ಬಂದೆ.

ಆಪ್ತಸಮಾಲೋಚಕ_ಮಂಗಳೂರು
ಒಳ್ಳೆ ಕೆಲಸ. ಬೇರೆಯವರಿಗೂ ದಾರಿ ಗೊತ್ತಿರಲಿ. ಜಿಲ್ಲಾ ಆಸ್ಪತ್ರೆ ಎಂದರೆ ಮಂಗಳೂರಿನಲ್ಲಿ ವೆನ್ಲಾಕ್, ಉಡುಪಿಯಲ್ಲಿ ಅಜ್ಜರಕಾಡು. ಲೈಂಗಿಕ ಸೋಂಕುಗಳಿಗೆ ಸರ್ಕಾರದ ಸುರಕ್ಷಾ ಕ್ಲಿನಿಕ್‌ಗಳು ಇರುತ್ತವೆ, ಮದ್ದು ಉಚಿತ. ಐಸಿಟಿಸಿ ಎಂಬ ಸಮಾಲೋಚನೆ ಮತ್ತು ಪರೀಕ್ಷಾ ಕೇಂದ್ರದಲ್ಲಿ ಎಚ್‌ಐವಿ ಪರೀಕ್ಷೆ ಉಚಿತ. ಒಪ್ಪಿಗೆ ಇಲ್ಲದೆ ಪರೀಕ್ಷೆ ಮಾಡುವಂತಿಲ್ಲ, ಫಲಿತಾಂಶ ಬೇರೆಯವರಿಗೆ ಹೇಳುವಂತಿಲ್ಲ, ಅದು 2017ರ ಎಚ್‌ಐವಿ ಕಾನೂನಿನಲ್ಲೇ ಇದೆ. ಫೋನಿನಲ್ಲಿ ಮಾತನಾಡಬೇಕಾದರೆ 1097, ದುಡ್ಡು ಬೀಳುವುದಿಲ್ಲ. ಪರಿಚಯದವರು ಸಿಗುತ್ತಾರೆ ಎಂಬ ಹೆದರಿಕೆಗೆ ಉಡುಪಿಯವರು ಮಂಗಳೂರಿಗೆ, ಮಂಗಳೂರಿನವರು ಮಣಿಪಾಲಕ್ಕೆ ಹೋಗುತ್ತಾರೆ. ತಪ್ಪೇನಿಲ್ಲ, ಎಲ್ಲಾದರೂ ಸರಿ, ಹೋಗಿ.

ನೀರುಳ್ಳಿ_ಬಜೆ
ಲಸಿಕೆ ಹಾಕಿಸಿದರೆ ನರುಲಿ ಬರುವುದಿಲ್ಲವಾ?

ಚರ್ಮವೈದ್ಯೆ_ಉಡುಪಿ
ಎಚ್‌ಪಿವಿಯ 6, 11, 16, 18 ಈ ನಾಲ್ಕು ತಳಿಗಳ ಲಸಿಕೆ ತಗೊಂಡರೆ ನರುಲಿಯೂ ಗರ್ಭಕಂಠದ ಕ್ಯಾನ್ಸರ್ ಕೂಡ ಬಹುಮಟ್ಟಿಗೆ ತಪ್ಪುತ್ತದೆ. ನಮ್ಮ ದೇಶದ್ದೇ ಸರ್ವವ್ಯಾಕ್ ಇದೆ, ಹುಡುಗರಿಗೂ ಕೊಡಬಹುದು. 9ರಿಂದ 14 ವರ್ಷದವರಿಗೆ 2 ಡೋಸ್, 15 ದಾಟಿದವರಿಗೆ 3. ಆಗಲೇ ಬಂದ ನರುಲಿಯನ್ನು ಅದು ಗುಣ ಮಾಡುವುದಿಲ್ಲ.

ಹೆಸರು_ಬೇಡ
ಎಲ್ಲರದ್ದೂ ಓದಿದೆ, ನನ್ನದು ಯಾವುದಕ್ಕೂ ಹೊಂದುವುದಿಲ್ಲ. ಎರಡು ತಿಂಗಳ ಹಿಂದೆ ಒಂದೇ ಒಂದು ಗುಳ್ಳೆ ಬಂದು ಹುಣ್ಣಾಯಿತು. ಅಂಚು ಗಟ್ಟಿ. ನೋವು ಸ್ವಲ್ಪವೂ ಇರಲಿಲ್ಲ. ತೊಡೆಸಂದಿನಲ್ಲಿ ಗಂಟು ಇತ್ತು. ಏನೂ ಮಾಡದೆ ತಾನಾಗಿ ಮಾಯವಾಯಿತು, ಬಿಟ್ಟುಬಿಟ್ಟೆ. ಈಗ ಗುದದ್ವಾರದ ಹತ್ತಿರ ಚಪ್ಪಟೆ, ಒದ್ದೆ ಒದ್ದೆ ಗುಳ್ಳೆಗಳು ಬಂದಿವೆ. ಅಂಗೈಯಲ್ಲೂ ಕಂದು ಕಲೆ. ನರುಲಿ ಅಂತ ಅಂದುಕೊಂಡಿದ್ದೆ.

ಚರ್ಮವೈದ್ಯೆ_ಉಡುಪಿ
ನೀವು ನಾಳೆಯೇ ಹೋಗಬೇಕು. ಈ ಇಡೀ ಚರ್ಚೆಯಲ್ಲಿ ತಡ ಮಾಡಲೇಬಾರದ ಮಾತು ನಿಮ್ಮದು. ನೋವಿಲ್ಲದ ಒಂಟಿ ಹುಣ್ಣು, ತಾನಾಗಿ ಹೋದದ್ದು, ಕೆಲವು ವಾರಗಳ ನಂತರ ಅಂಗೈ ಕಲೆ, ಒದ್ದೆ ಗುಳ್ಳೆ. ಇದು ಸಿಫಿಲಿಸ್ ಎಂಬ ಲೈಂಗಿಕ ರೋಗದ ಎರಡನೇ ಹಂತ ಇರಬಹುದು. ಆ ಚಪ್ಪಟೆ ಗುಳ್ಳೆಗಳನ್ನು ನರುಲಿ ಎಂದುಕೊಂಡು ಸುಡಿಸಿಕೊಂಡವರೂ ಇದ್ದಾರೆ. ಹುಣ್ಣು ಮಾಯವಾದರೂ ರೋಗ ಹೋಗಿರುವುದಿಲ್ಲ, ರಕ್ತದಲ್ಲಿ ಮುಂದುವರಿಯುತ್ತಿರುತ್ತದೆ. ವರ್ಷಗಳ ನಂತರ ಹೃದಯ, ಮೆದುಳಿಗೆ ಹೋಗಬಹುದು. ವಿಡಿಆರ್‌ಎಲ್ ಅಥವಾ ಆರ್‌ಪಿಆರ್ ಎಂಬ ಸಣ್ಣ ರಕ್ತಪರೀಕ್ಷೆ ಸಾಕು ಹಿಡಿಯಲು. ಈ ಹಂತದಲ್ಲಿ ಸಿಕ್ಕಿದರೆ ಬೆಂಜಥೀನ್ ಪೆನಿಸಿಲಿನ್ 24 ಲಕ್ಷ ಯೂನಿಟ್, ಒಂದೇ ಸಲ ಸೂಜಿ. ಪೂರ್ತಿ ಗುಣವಾಗುವ ರೋಗ ಇದು. ಪೆನಿಸಿಲಿನ್ ಆಗದವರಾದರೆ ಮೊದಲೇ ಹೇಳಿ. ಜೊತೆಗೆ ಎಚ್‌ಐವಿ ಪರೀಕ್ಷೆಯೂ ಆಗಲಿ.

ಹೆಸರು_ಬೇಡ
ಹೆಂಡತಿಗೆ ಐದು ತಿಂಗಳು. ಅವಳಿಗೆ ಶುರುವಿನಲ್ಲೇ ಎಲ್ಲ ಪರೀಕ್ಷೆ ಮಾಡಿಸಿದ್ದೇವೆ, ಸರಿ ಇತ್ತು.

ಚರ್ಮವೈದ್ಯೆ_ಉಡುಪಿ
ಆ ಪರೀಕ್ಷೆ ನಿಮ್ಮ ಹುಣ್ಣು ಬರುವುದಕ್ಕೆ ಮೊದಲಿನದ್ದು. ಆಮೇಲೆ ತಗುಲಿದ್ದರೆ ಅದರಲ್ಲಿ ಕಾಣುವುದಿಲ್ಲ. ಅವರನ್ನೂ ಕರೆದುಕೊಂಡು ಹೋಗಿ, ಪರೀಕ್ಷೆ ಮತ್ತೆ ಆಗಲೇಬೇಕು. ಮದ್ದು ಸಿಗದಿದ್ದರೆ ಮಗುವಿಗೆ ಹೋಗುತ್ತದೆ, ಮಗು ಹೊಟ್ಟೆಯಲ್ಲೇ ತೀರಿಕೊಳ್ಳಬಹುದು. ಐದನೇ ತಿಂಗಳಲ್ಲಿ ಪೆನಿಸಿಲಿನ್ ಕೊಟ್ಟರೆ ತಾಯಿಗೂ ಮಗುವಿಗೂ ಒಟ್ಟಿಗೆ ಚಿಕಿತ್ಸೆಯಾಗುತ್ತದೆ, ಬಸುರಿಯರಿಗೆ ಅದು ಸುರಕ್ಷಿತ. ಅಲ್ಲಿಯವರೆಗೆ ಸಂಪರ್ಕ ಬೇಡ.

ಹೆಸರು_ಬೇಡ
ಅವಳಿಗೆ ಹೇಗೆ ಹೇಳುವುದು?

ಆಪ್ತಸಮಾಲೋಚಕ_ಮಂಗಳೂರು
ಒಬ್ಬರೇ ಹೇಳಬೇಕಾಗಿಲ್ಲ. ಸಮಾಲೋಚಕರ ಎದುರು ಕೂತು ಇಬ್ಬರೂ ಮಾತಾಡಬಹುದು, ಅದಕ್ಕೇ ನಾವು ಇರುವುದು. ಸುಳ್ಳು ಹೇಳಿ ಸೂಜಿ ಮಾತ್ರ ಹಾಕಿಸುತ್ತೇನೆ ಎಂದು ಹೊರಡಬೇಡಿ, ಅವರ ಮದ್ದು ಅವರ ಒಪ್ಪಿಗೆಯಿಂದಲೇ ಆಗಬೇಕು. ನಾಳೆ ಬರುವಾಗ ತಾಯಿ ಕಾರ್ಡ್ ಮರೆಯಬೇಡಿ, ಹಿಂದಿನ ಪರೀಕ್ಷೆಯ ತಾರೀಕು ಅದರಲ್ಲಿ ಇರುತ್ತದೆ. ಯಾವ ಊರಿನಿಂದ ಬರುತ್ತೀರಿ ಎಂದು ಇಲ್ಲಿ ಬರೆಯಬೇಡಿ. ಬೆಳಿಗ್ಗೆ ಹೊರಡುವ ಮೊದಲು 1097ಕ್ಕೆ ಕರೆ ಮಾಡಿದರೆ ಹತ್ತಿರದ ಕೇಂದ್ರ ಯಾವುದೆಂದು ಹೇಳುತ್ತಾರೆ.

ಹೆಸರು_ಬೇಡ
ಆಯಿತು. ಕಾರ್ಡ್ ಎಲ್ಲಿದೆ ಎಂದು ಈಗಲೇ ಅವಳ ಹತ್ತಿರ ಕೇಳುತ್ತೇನೆ.